ಮಿನಿಯ ಫೈಬರ್ ಬಾನೆಟ್‌ಗೆ ಒಂದು ಲಾಕ್ ಸಾಕಾ?

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇನೆ. ನನ್ನ 1978ರ ಮಿನಿ ಕಾರಿಗೆ ಫೈಬರ್‌ಗ್ಲಾಸ್ ಬಾನೆಟ್ ಹಾಕಿದ್ದೇನೆ. ಹಳೆಯ ಲಾಕ್ ಒಂದೇ ಇದೆ. ಜೋರಾಗಿ ಹೋದರೆ ಮುಂದಿನ ಅಂಚು ನಡುಗುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಕೊವೆಂಟ್ರಿ

ಉತ್ತರ: ಅದು ಸರಿಯಾಗುವವರೆಗೆ ಹೈವೇಗೆ ಹೋಗಬೇಡಿ, ದಯವಿಟ್ಟು. ಮಿನಿ ಬಾನೆಟ್‌ನ ಹಿಂಜ್ ಇರುವುದು ಹಿಂದೆ, ಅಲ್ವಾ? ಗಾಳಿ ಅಡಿಗೆ ನುಗ್ಗಿದರೆ ಬಾನೆಟ್ ನೇರ ಮುಂದಿನ ಗಾಜಿಗೇ ಬಂದು ಬಡಿಯುತ್ತದೆ. ನನಗೊಮ್ಮೆ ಹಾಗಾಗಿದೆ. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಮುಂದಿನ ಎರಡೂ ಮೂಲೆಗೆ ಬಾನೆಟ್ ಪಿನ್ (ಬಾನೆಟ್‌ನ ತೂತಿನಿಂದ ಮೇಲೆ ಬರುವ, ಮೇಲೆ ಕ್ಲಿಪ್ ಸಿಕ್ಕಿಸುವ ಕಡ್ಡಿ) ಹಾಕಿ. ಪಿನ್ ಕೂರಬೇಕಾದದ್ದು ಕೆಳಗಿನ ಲೋಹದ ಪಟ್ಟಿಯ ಮೇಲೆ. ತುದಿಗೆ ಚೂರು ಗ್ರೀಸ್ ಹಚ್ಚಿ ಬಾನೆಟ್ ಮೆಲ್ಲಗೆ ಇಳಿಸಿ, ಒಳಗಡೆ ಗುರುತು ಬೀಳುತ್ತದೆ. ಮಾಸ್ಕಿಂಗ್ ಟೇಪ್ ಅಂಟಿಸಿ, ಮೊದಲು 3 ಮಿ.ಮೀ. ಬಿಟ್‌ನಿಂದ ಕೊರೆದು ಆಮೇಲೆ ತೂತು ದೊಡ್ಡದು ಮಾಡಿ. ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಉಸಿರಿಗೆ ಹೋಗಬಾರದು.

ತೂತಿನ ಮೇಲೆ ಅಗಲವಾದ ಸ್ಟೀಲ್ ಪ್ಲೇಟ್ ಇರಲೇಬೇಕು. ಇಲ್ಲದಿದ್ದರೆ ಕ್ಲಿಪ್ ಒತ್ತಿದ ಜಾಗದಲ್ಲಿ ಫೈಬರ್ ಸೀಳುತ್ತದೆ. ಜಾಸ್ತಿ ಬಿಗಿಯಬೇಡಿ. ಹಿಂಜ್ ತೆಗೆದಿದ್ದರೆ ಹಿಂದೆಯೂ ಎರಡು ಪಿನ್ ಬೇಕು.