ಆಲ್ಬುಮಿನ್ ಇಳಿದರೆ ಊಟವನ್ನೇ ದೂರಬೇಕೆ?

ಪ್ರಶ್ನೆ: ನನಗೆ 29 ವರ್ಷ. ಮೂರು ವರ್ಷಗಳಿಂದ ಕ್ರೋನ್ಸ್ (ಕರುಳಿನ ದೀರ್ಘಕಾಲದ ಉರಿಯೂತ) ಕಾಯಿಲೆಯಿದೆ. ಈಚಿನ ರಕ್ತಪರೀಕ್ಷೆಯಲ್ಲಿ ಆಲ್ಬುಮಿನ್ (ರಕ್ತದ ಮುಖ್ಯ ಪ್ರೋಟೀನು) 2.9, ಸಿಆರ್‌ಪಿ (ಉರಿಯೂತದ ಸೂಚಕ) 42, ಹಿಮೋಗ್ಲೋಬಿನ್ 9.6, ಫೆರಿಟಿನ್ 80, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆ ಎಂಬ ಲೆಕ್ಕ) ಶೇ 11 ಬಂದಿದೆ. ನಾನು ಸರಿಯಾಗಿ ತಿನ್ನದಿರುವುದೇ ಆಲ್ಬುಮಿನ್ ಇಳಿಯಲು ಕಾರಣವೆಂದು ಮನೆಯವರು ಬೇಸರಿಸುತ್ತಾರೆ. ಫೆರಿಟಿನ್ ಸಹಜ ಮಿತಿಯಲ್ಲಿದ್ದರೂ ವೈದ್ಯರು ರಕ್ತನಾಳದ ಮೂಲಕ ಕಬ್ಬಿಣ ಕೊಡಬೇಕೆನ್ನುತ್ತಾರೆ. ಏಕೆ?

ಉತ್ತರ: ಮೊದಲು ಮನೆಯವರ ಮಾತು. ಈ ಆಲ್ಬುಮಿನ್‌ಗಾಗಿ ನಿಮ್ಮ ತಟ್ಟೆಯನ್ನು ದೂರುವುದು ನ್ಯಾಯವಲ್ಲ. ಉರಿಯೂತ ಎದ್ದಾಗ ಯಕೃತ್ತು ಸಿಆರ್‌ಪಿಯಂಥ ಪ್ರೋಟೀನುಗಳ ತಯಾರಿಕೆಗೆ ತಿರುಗಿಕೊಳ್ಳುತ್ತದೆ, ಆಲ್ಬುಮಿನ್ ತಯಾರಿಕೆ ತಗ್ಗುತ್ತದೆ. ಇದ್ದದ್ದೂ ರಕ್ತನಾಳಗಳಿಂದ ಜಿನುಗಿ, ಹುಣ್ಣಾದ ಕರುಳಿನಲ್ಲಿ ಸೋರಿಹೋಗುತ್ತದೆ. ಸಿಆರ್‌ಪಿ 42 ಇರುವಾಗ 2.9 ಎಂಬ ಅಂಕಿ ಮುಖ್ಯವಾಗಿ ತೋರಿಸುವುದು ಕಾಯಿಲೆಯ ಬಿಸಿಯನ್ನು. ಪೋಷಣೆ ಅಳೆಯಲು ನೋಡುವ ಇನ್ನೊಂದು ಪ್ರೋಟೀನಾದ ಪ್ರಿಆಲ್ಬುಮಿನ್ ಕೂಡ ಹೀಗೆಯೇ ಇಳಿಯುತ್ತದೆ. ಉರಿಯೂತವಿಲ್ಲದೆ ಬರಿಯ ಉಪವಾಸದಿಂದ ತೀರಾ ಸೊರಗಿದವರಲ್ಲಿ ಆಲ್ಬುಮಿನ್ ಸಹಜವಾಗಿಯೇ ಇರುವುದುಂಟು.

ಫೆರಿಟಿನ್ ಇದಕ್ಕೆ ತಿರುವುಮುರುವು. ಅದು ಕಬ್ಬಿಣದ ಉಗ್ರಾಣದ ಲೆಕ್ಕ ಹೇಳುತ್ತದೆ, ನಿಜ. ಆದರೆ ಉರಿಯೂತದಲ್ಲಿ ತಾನಾಗಿಯೇ ಏರಿ, ಇರುವ ಕೊರತೆಯನ್ನು ಮುಚ್ಚಿಡುತ್ತದೆ. ಆದ್ದರಿಂದ ಕಾಯಿಲೆ ಶಾಂತವಾಗಿರುವಾಗ ಫೆರಿಟಿನ್ 30ಕ್ಕಿಂತ ಕಡಿಮೆಯಾದರೆ ಕಬ್ಬಿಣದ ಕೊರತೆ ಎನ್ನುತ್ತೇವೆ. ಕೆರಳಿರುವಾಗ 100ರವರೆಗೂ ಕೊರತೆಯಿರಬಹುದೆಂದು ಎಣಿಸುತ್ತೇವೆ. ನಿಮ್ಮ 80 ಆ ಮಿತಿಯೊಳಗೇ ಇದೆ, ಸ್ಯಾಚುರೇಶನ್ ಶೇ 20ಕ್ಕಿಂತ ಬಹಳ ಕೆಳಗಿದೆ. ಪ್ರಯೋಗಾಲಯದ ವರದಿಯಲ್ಲಿ ಅಚ್ಚಾಗಿರುವ ಸಹಜ ಮಿತಿಗೆ ನಿಮ್ಮ ಉರಿಯೂತದ ಅರಿವಿಲ್ಲ, ನಿಮ್ಮ ವೈದ್ಯರಿಗಿದೆ. ಮಾತ್ರೆ ಏಕೆ ಬೇಡ ಎಂದರೆ, ಉರಿಯೂತದಲ್ಲಿ ಹೆಚ್ಚುವ ಹೆಪ್ಸಿಡಿನ್ ಎಂಬ ಹಾರ್ಮೋನು ಕರುಳಿನಿಂದ ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ವೈದ್ಯರ ಸಲಹೆಯನ್ನು ನಾನು ಪೂರ್ತಿ ಒಪ್ಪುತ್ತೇನೆ.

ಸಿಆರ್‌ಪಿ ಓದುವಾಗ ಅಳತೆಯ ಮಾನವನ್ನು ತಪ್ಪದೆ ನೋಡಿ. ಕೆಲವು ಕಡೆ ಲೀಟರಿಗೆ ಮಿಲಿಗ್ರಾಂ, ಕೆಲವು ಕಡೆ ಡೆಸಿಲೀಟರಿಗೆ ಮಿಲಿಗ್ರಾಂ ಎಂದು ಬರೆಯುತ್ತಾರೆ. ವ್ಯತ್ಯಾಸ ಹತ್ತು ಪಟ್ಟು. ಈ ಗೊಂದಲದಿಂದ ರೋಗಿಗಳು ನಿದ್ದೆಗೆಡುವುದನ್ನು ಕಂಡಿದ್ದೇನೆ. ಚಿಕಿತ್ಸೆ ಹತ್ತಿದರೆ ಸಿಆರ್‌ಪಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ, ಏಕೆಂದರೆ ಅದರ ಅರ್ಧಾಯುಷ್ಯ (ರಕ್ತದಲ್ಲಿ ಇರುವುದು ಅರ್ಧಕ್ಕಿಳಿಯಲು ಬೇಕಾದ ಕಾಲ) ಸುಮಾರು 19 ಗಂಟೆ. ಆಲ್ಬುಮಿನ್‌ನದು ಸುಮಾರು 20 ದಿನ. ಅದು ನಿಧಾನವಾಗಿ ಏರುತ್ತದೆ, ವಾರ ವಾರ ಅಳೆದು ಕಂಗೆಡಬೇಡಿ. ಕರುಳು ಕೆರಳಿದ್ದರೂ ಸಿಆರ್‌ಪಿ ಏರದವರೂ ಇದ್ದಾರೆ. ಅವರಿಗೆ ಕರುಳಿನ ಉರಿಯೂತವನ್ನು ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಹೆಚ್ಚು ನೆರವಾಗುತ್ತದೆ.

ವಿಟಮಿನ್ ಡಿ, ಫೋಲೇಟ್‌ಗಳನ್ನೂ ನೋಡಿಸಿ. ಸಣ್ಣಕರುಳಿನ ಕೊನೆಯ ಭಾಗಕ್ಕೆ ಕಾಯಿಲೆ ತಗುಲಿದ್ದರೆ ಅಥವಾ ಅದನ್ನು ಕತ್ತರಿಸಿ ತೆಗೆದಿದ್ದರೆ ಬಿ12 ಪರೀಕ್ಷೆ ಬಿಡಲೇಬೇಡಿ, ಅದನ್ನು ಹೀರಿಕೊಳ್ಳುವ ಜಾಗವೇ ಅದು.

ಇಷ್ಟೆಲ್ಲ ಹೇಳಿದರೂ ನಿಮ್ಮ ಪೋಷಣೆ ಚೆನ್ನಾಗಿದೆ ಎಂದು ನಾನು ಹೇಳಲಾರೆ; ನೀವು ತೂಕವನ್ನೇ ಬರೆದಿಲ್ಲ. ಆರು ತಿಂಗಳ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ, ಮೆಟ್ಟಿಲು ಹತ್ತುವಾಗ ತೊಡೆ ಸೋಲುತ್ತದೆಯೇ, ಹೊಟ್ಟೆನೋವಿಗೆ ಹೆದರಿ ಎಷ್ಟು ಊಟ ಬಿಡುತ್ತಿದ್ದೀರಿ, ಇವನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ಭೇಟಿಗೆ ಒಯ್ಯಿರಿ.