ಕಾರ್ ಶೆಡ್ಡಿನ ನೆಲಕ್ಕೆ ಯಾವ ಕೋಟಿಂಗ್ ಬಾಳಿಕೆ ಬರುತ್ತದೆ?

ಮಂಡ್ಯದಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹತ್ತಿರ ಮನೆ, ಕಾರ್ ಶೆಡ್ಡಿನ ಸಿಮೆಂಟ್ ನೆಲ ಗುಡಿಸಿದಷ್ಟೂ ಪುಡಿ ಏಳುತ್ತದೆ, ಆಯಿಲ್ ಕಲೆ ಬೇರೆ, ಯಾವ ಪೇಂಟ್ ಹೊಡೆಸಲಿ ಅಂತ ಕೇಳಿದ್ದೀರಿ. ಪೇಂಟ್ ವಿಷಯ ಆಮೇಲೆ. ಮೊದಲು ನೆಲದ ಅಡಿಯಿಂದ ತೇವ ಏರುತ್ತಿದೆಯಾ ನೋಡಿ. ಗದ್ದೆಗೆ ನೀರು ಬಿಟ್ಟಾಗ ಆ ಕಡೆ ಮನೆಗಳ ಗೋಡೆ ಬುಡ ತಣ್ಣಗಾಗುತ್ತದೆ ಅಲ್ವಾ, ನೆಲಕ್ಕೂ ಅದೇ ಕಾಟ.

ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ತಂದು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ. ಕಡಿಮೆ ಅಂದರೂ 16 ಗಂಟೆ ಹಾಗೇ ಬಿಡಿ. ತೆಗೆದಾಗ ಒಳಮೈ ಬೆವರಿದ್ದರೆ, ಅಥವಾ ಅಷ್ಟು ಜಾಗ ಮಾತ್ರ ಕಪ್ಪಾಗಿದ್ದರೆ, ಎಪಾಕ್ಸಿ (ಎರಡು ಡಬ್ಬದ್ದು ಕಲಸಿ ಹಚ್ಚುವ ಗಟ್ಟಿ ಪೇಂಟ್) ಆಸೆ ಬಿಟ್ಟುಬಿಡಿ. ತೇವ ಅಡಿಯಿಂದ ತಳ್ಳಿ ಗುಳ್ಳೆ ಏಳಿಸುತ್ತದೆ. ನಾಲೆಯಲ್ಲಿ ನೀರು ಹರಿಯುವಾಗಲೇ ಈ ಪರೀಕ್ಷೆ ಮಾಡಿ. ಬೇಸಿಗೆಯಲ್ಲಿ ನೆಲ ಒಣಗಿದ್ದು ನೋಡಿ ನಂಬಬೇಡಿ.

ತೇವ ಇದ್ದರೆ ಸಿಲಿಕೇಟ್ ಹಾರ್ಡನರ್ ಸಿಗುತ್ತದೆ. ನೀರಿನ ಹಾಗಿರುತ್ತದೆ, ನೆಲ ಅದನ್ನು ಕುಡಿಯುತ್ತದೆ. ಕಾಂಕ್ರೀಟಿನೊಳಗಿನ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತದೆ, ಪುಡಿ ಏಳುವುದು ತಗ್ಗುತ್ತದೆ. ಮೇಲೆ ಪದರ ಇಲ್ಲದ್ದರಿಂದ ಕಿತ್ತು ಬರುವ ಮಾತೇ ಇಲ್ಲ. ಹೊಳಪೂ ಬಣ್ಣವೂ ಇರುವುದಿಲ್ಲ, ಅಷ್ಟೇ.

ನಮ್ಮ ಮನೆ ಮೈಸೂರಿನ ಬೋಗಾದಿ ಕಡೆ. ನೆಲದಲ್ಲಿ ತೇವ ಇರಲಿಲ್ಲ, ಆದರೂ ಮೊದಲ ಸಲ ಕೆಲಸ ಕೆಟ್ಟಿತು. ಪೇಂಟರ್ ನೆಲ ತೊಳೆದು, ಒಣಗಿಸಿ, ಎರಡು ಕೋಟ್ ಎಪಾಕ್ಸಿ ಹೊಡೆದು ಹೋದರು. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮೂರನೇ ತಿಂಗಳು ಬೆಂಗಳೂರಿಂದ ಹೈವೇಯಲ್ಲಿ ಬಂದು ಕಾರು ನಿಲ್ಲಿಸಿದೆ. ಬೆಳಿಗ್ಗೆ ಕಾರು ತೆಗೆದರೆ ಟೈರ್ ನಿಂತಿದ್ದ ಕಡೆಯೆಲ್ಲ ಅಂಗೈ ಅಗಲ ಪೇಂಟ್ ಎದ್ದು ಬಂದಿತ್ತು. ಒಂದು ಚೂರು ತೆಗೆದುಕೊಂಡು ತಿರುಗಿಸಿ ನೋಡಿದೆ. ಹಿಂಬದಿಗೆ ಬೂದುಬಣ್ಣದ ಸಿಮೆಂಟ್ ಪುಡಿ ಒತ್ತಾಗಿ ಅಂಟಿತ್ತು. ಪೇಂಟ್ ಪುಡಿಯನ್ನು ಹಿಡಿದುಕೊಂಡಿತ್ತು, ಆ ಪುಡಿಗೇ ನೆಲದ ಹಿಡಿತ ಇರಲಿಲ್ಲ. ಗಾರೆಯವರು ಕೊನೆಗೆ ಸಿಮೆಂಟ್ ಹಾಲು ಸುರಿದು ಕರಣೆಯಲ್ಲಿ ನಯ ಮಾಡುತ್ತಾರಲ್ಲ, ಆ ತೆಳು ಪದರಕ್ಕೆ ಬಲ ಇರುವುದಿಲ್ಲ. ಬಿಸಿ ಟೈರ್ ಕೋಟಿಂಗನ್ನು ಮೆತ್ತಗೆ ಮಾಡುತ್ತದೆ, ಆರುವಾಗ ಕುಗ್ಗುತ್ತಾ ಎಳೆಯುತ್ತದೆ. ಹಿಡಿತ ಎಲ್ಲಿ ಕಮ್ಮಿಯೋ ಅಲ್ಲಿ ಕಿತ್ತುಬರುತ್ತದೆ.

ಅದಕ್ಕೇ ಎರಡನೇ ಸಲ ಡೈಮಂಡ್ ಚಕ್ರದ ಗ್ರೈಂಡರ್ ತರಿಸಿ ಆ ಪದರ ಪೂರ್ತಿ ಉಜ್ಜಿಸಿದೆ. ದಿನವೆಲ್ಲ ಹಿಡಿಯಿತು. ಅಂಗೈ ಆಡಿಸಿದರೆ ಉಪ್ಪುಕಾಗದದ ಹಾಗೆ ತರಿತರಿ ಸಿಗಬೇಕು, ಅಲ್ಲಿವರೆಗೆ ಬಿಡಬೇಡಿ. ಒಳ್ಳೆ ಮಾಸ್ಕ್ ಇಲ್ಲದೆ ಯಾರನ್ನೂ ಆ ಧೂಳಿಗೆ ಇಳಿಸಬೇಡಿ, ಅದು ಶ್ವಾಸಕೋಶ ಹಾಳು ಮಾಡುತ್ತದೆ. ಆಸಿಡ್ ಸುರಿದರೆ ಸಾಕು ಅನ್ನುವವರು ಸಿಗುತ್ತಾರೆ. ನನಗೆ ಅದು ಇಷ್ಟ ಇಲ್ಲ. ಸರಿಯಾಗಿ ತೊಳೆಯದಿದ್ದರೆ ಆಸಿಡ್ ಅಲ್ಲೇ ಉಳಿಯುತ್ತದೆ, ತೊಳೆದರೆ ನೆಲ ಮತ್ತೆ ನೀರು ಕುಡಿಯುತ್ತದೆ.

ಆಯಿಲ್ ಕಲೆಯನ್ನು ಗ್ರೈಂಡಿಂಗಿಗೆ ಮೊದಲೇ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಹಾಕಿ ಬ್ರಷ್ಷಿನಲ್ಲಿ ತಿಕ್ಕಿ ತೆಗೆಯಿರಿ. ಆಮೇಲೆ ನಾಲ್ಕು ಹನಿ ನೀರು ಬಿಡಿ. ಹನಿ ಮುತ್ತಿನ ಹಾಗೆ ನಿಂತರೆ ಎಣ್ಣೆ ಇನ್ನೂ ಇದೆ. ಇಂಗಿದರೆ ಸರಿ.

ಇನ್ನು ಪೇಂಟ್. ಎರಡು ಡಬ್ಬದ, ಸಾಲ್ವೆಂಟ್ ಇಲ್ಲದ ಎಪಾಕ್ಸಿ ಕೇಳಿ. ಸಾಲ್ವೆಂಟ್ ಅಂದರೆ ಒಣಗುವಾಗ ಆವಿಯಾಗಿ ಹೋಗುವ ದ್ರವ, ಅದು ಇಲ್ಲದಿದ್ದರೆ ಹಚ್ಚಿದಷ್ಟೂ ನೆಲದ ಮೇಲೇ ಉಳಿಯುತ್ತದೆ. ಲೆಕ್ಕ ಸುಲಭ: ಕಾಲು ಮಿಲಿಮೀಟರ್ ದಪ್ಪಕ್ಕೆ ಒಂದು ಲೀಟರ್ 4 ಚದರ ಮೀಟರ್ ಬರುತ್ತದೆ. 10 ಅಡಿಗೆ 18 ಅಡಿ ಶೆಡ್ಡಿಗೆ ನಾಲ್ಕೂಕಾಲು ಲೀಟರ್ ಹತ್ತಿರ, ಪ್ರೈಮರ್ ಬೇರೆ. ಯಾರಾದರೂ ಎರಡೇ ಲೀಟರಲ್ಲಿ ಮುಗಿಸುತ್ತೇನೆ ಅಂದರೆ ದಪ್ಪ ಎಷ್ಟು ಬರುತ್ತದೆ ಕೇಳಿ. ನಿಮ್ಮದು ಬಿಸಿಲು ಬೀಳುವ ಪೋರ್ಟಿಕೊ ಆಗಿದ್ದರೆ ಮೇಲೊಂದು ಕೋಟ್ ಬಿಸಿಲು ತಡೆಯುವ ಪಾಲಿಯುರೆಥೇನ್ ಬೇಕೇ ಬೇಕು. ಬರೀ ಎಪಾಕ್ಸಿ ಬಿಸಿಲಿಗೆ ಹಳದಿ ತಿರುಗುತ್ತದೆ.

ಎಪಾಕ್ಸಿಯ ಎರಡನೇ ಡಬ್ಬದಲ್ಲಿರುವ ಹಾರ್ಡನರ್ ಅನ್ನು ಡಬ್ಬದ ಮೇಲೆ ಬರೆದ ಅಳತೆಯಲ್ಲೇ ಕಲಸಿ. ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಅದು ಸರಿಯಾಗಿ ಗಟ್ಟಿಯಾಗುವುದೇ ಇಲ್ಲ. ಕಲಸಿದ್ದನ್ನು ಬಕೆಟ್ಟಿನಲ್ಲಿ ಇಟ್ಟುಕೊಂಡು ಕೂರಬೇಡಿ. ಬಿಸಿಯಾಗಿ ಅಲ್ಲೇ ಗಟ್ಟಿಯಾಗುತ್ತದೆ. ಕೈಗೆ ಗ್ಲೌಸ್ ಇರಲಿ. ಕೊನೇ ಕೋಟ್ ಹಸಿ ಇರುವಾಗಲೇ ಸಣ್ಣ ಕ್ವಾರ್ಟ್ಸ್ ಮರಳು ತೆಳ್ಳಗೆ ಎರಚಿಸಿ. ಮಳೆಯಲ್ಲಿ ನೆನೆದು ಬಂದ ಕಾರಿನಿಂದ ನೀರು ಸುರಿದಾಗ ಆ ನಯದ ಮೇಲೆ ವಯಸ್ಸಾದವರು ಕಾಲು ಜಾರುತ್ತಾರೆ. ನಮ್ಮ ಅಮ್ಮ ದಿನಾ ಅದರ ಮೇಲೇ ಓಡಾಡುತ್ತಾರೆ, ಹಾಗಾಗಿ ನಾನು ಮರಳು ಹಾಕಿಸದೆ ಬಿಡಲಿಲ್ಲ.

ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಇಟ್ಟುಕೊಳ್ಳಿ. ಮಾರನೇ ದಿನ ನಡೆಯಬಹುದು, ಕಾರು ಮಾತ್ರ ಏಳು ದಿನ ಹೊರಗೇ ಇರಲಿ.