ಐದು ವರ್ಷ, ಆರು ಟೀಮು: ಹುಡುಗ ಹೇಗೆ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ ಒಂದು ಹಳ್ಳಿ. ಮಗಳಿಗೆ ಕೆನಡಾದಿಂದ ಸಂಬಂಧ ಬಂದಿದೆ. ಹುಡುಗನ ಅಪ್ಪ ಸಿದ್ದಾಪುರದ ಕಡೆಯವರು, ಹಿಂದೆಯೇ ಹೋಗಿ ಅಲ್ಲೇ ಉಳಿದವರು. ಜಾತಕ ಹೊಂದಿದೆ. ಆದರೆ ಹುಡುಗನಿಗೆ ಐಸ್ ಹಾಕಿ ಆಡುವುದೇ ಉದ್ಯೋಗವಂತೆ, ಐದು ವರ್ಷದಲ್ಲಿ ಆರು ಟೀಮು ಬದಲಾಗಿದೆ. 'ಆಟ ಬರದವನನ್ನೇ ಹೀಗೆ ಓಡಿಸೋದು, ಎಲ್ಲೂ ನಿಲ್ಲದವನಿಗೆ ಹೆಣ್ಣು ಕೊಡಬೇಡಿ' ಅಂತ ನಮ್ಮ ಭಾವ ಹೇಳುತ್ತಾರೆ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹುಡುಗನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ, ನಮಗೆ ಏನೂ ಹೇಳುವುದಿಲ್ಲ. ಏನು ಮಾಡೋಣ?
– ಹೆಸರು ಬೇಡ, ಶಿರಸಿ

ಉತ್ತರ: ಅಕ್ಕಾ, ನಿಮ್ಮ ಭಾವನವರ ಮಾತು ಅರ್ಧ ತಪ್ಪು. ಆಟ ಬರದವನನ್ನು ಒಂದು ಟೀಮು ಬಿಟ್ಟರೆ ಇನ್ನೊಂದು ಕರೆಯುವುದಿಲ್ಲ, ಅವನು ಮನೆಗೆ ಹೋಗಿ ಬೇರೆ ಕೆಲಸ ನೋಡುತ್ತಾನೆ. ಇವನನ್ನು ಆರು ಕಡೆಯವರು ಬೇಕು ಅಂದಿದ್ದಾರೆ ಅಲ್ವಾ? ನಮ್ಮಲ್ಲಿ ಯಕ್ಷಗಾನದ ಕಲಾವಿದರು ಒಂದು ತಿರುಗಾಟ ಮುಗಿಸಿ ಇನ್ನೊಂದು ಮೇಳ ಸೇರಿದರೆ ವೇಷ ಬರಲ್ಲ ಅಂತ ಯಾರೂ ಹೇಳುವುದಿಲ್ಲ. ಅಲ್ಲಿ ಆ ವೇಷಕ್ಕೆ ಜನ ಬೇಕಿತ್ತು, ಯಜಮಾನರು ಕರೆದರು, ಹೋದರು, ಅಷ್ಟೇ.

ಮೈಕ್ ಸಿಲ್ಲಿಂಜರ್ ಅಂತ ಒಬ್ಬ ಕೆನಡಾದ ಆಟಗಾರ ಇದ್ದ. ಹೊಸ ಹುಡುಗರನ್ನು ಟೀಮುಗಳು ಸರದಿಯಂತೆ ಆರಿಸಿಕೊಳ್ಳುವಾಗ, 1989ರಲ್ಲಿ ಡೆಟ್ರಾಯಿಟ್ ಟೀಮು ಅವನನ್ನು 11ನೆಯವನಾಗಿ ಆರಿಸಿತು, ಅಂದರೆ ಆ ವರ್ಷದ ಒಳ್ಳೆಯ ಹುಡುಗರಲ್ಲಿ ಒಬ್ಬ. ಆಮೇಲೆ ಅವನು ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗಾದ ಎನ್‌ಎಚ್‌ಎಲ್‌ನ 12 ಟೀಮುಗಳಿಗೆ ಆಡಿದ, ಅದು ದಾಖಲೆ. ಒಂಬತ್ತು ಸಲ ಟ್ರೇಡ್ ಆದ. ಟ್ರೇಡ್ ಅಂದರೆ ಎರಡು ಟೀಮಿನವರು ತಮ್ಮತಮ್ಮೊಳಗೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು, ಟ್ರೇಡ್ ಮಾಡಕೂಡದು ಅಂತ ಕರಾರಿನಲ್ಲೇ ಬರೆಸಿಕೊಂಡಿರದಿದ್ದರೆ ಆಟಗಾರನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಫೋನು, ಸಂಜೆ ಬೇರೆ ಊರು. ಹೀಗಿದ್ದೂ ಆ ಪುಣ್ಯಾತ್ಮ 1,049 ಮ್ಯಾಚು ಆಡಿದ, 240 ಗೋಲು ಹೊಡೆದ. ಫೇಸ್‌ಆಫ್ ಗೆಲ್ಲುವುದರಲ್ಲಿ ಗಟ್ಟಿಗ. ರೆಫರಿ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಕೆಳಗೆ ಬಿಟ್ಟ ಕೂಡಲೇ ಎದುರಾಳಿಗಿಂತ ಮೊದಲು ಎಳೆದುಕೊಳ್ಳಬೇಕು, ಅದೇ ಫೇಸ್‌ಆಫ್. ಇಂಥ ಒಂದು ಕೆಲಸ ನೆಚ್ಚಿಕೆಯಿಂದ ಮಾಡುವವನು ಎಲ್ಲ ಟೀಮಿಗೂ ಬೇಕು. ಆದರೆ ದೊಡ್ಡ ಹೆಸರಿನವನನ್ನು ಕೊಳ್ಳಬೇಕಾದಾಗ ಮೊದಲು ಕೈಬಿಡುವುದೂ ಇವನನ್ನೇ.

ಉಳಿದ ಅರ್ಧದಲ್ಲಿ ಭಾವನವರ ಮಾತು ಸರಿಯೇ, ಈ ಬದುಕಿನಲ್ಲಿ ನೆಲೆ ಇಲ್ಲ. ಹಾಗಾಗಿ ಹುಡುಗ ಯಾವ ಲೀಗಿನಲ್ಲಿ ಆಡುತ್ತಾನೆ ಅಂತ ಮೊದಲು ಕೇಳಿ, ಎಷ್ಟು ಟೀಮು ಅನ್ನುವುದು ಆಮೇಲಿನ ಮಾತು. ಮೇಲಿನದು ಎನ್‌ಎಚ್‌ಎಲ್. ಅಲ್ಲಿ 32 ಟೀಮು, ಒಂದೊಂದರಲ್ಲಿ 23 ಜನ. 2025-26ರ ಸೀಸನ್ನಿಗೆ ಅಲ್ಲಿ ಕನಿಷ್ಠ ಸಂಬಳವೇ 7,75,000 ಡಾಲರ್ ಇತ್ತು. ಅದರ ಕೆಳಗೆ ಎಎಚ್‌ಎಲ್, ಅದರ ಕೆಳಗೆ ಇಸಿಎಚ್‌ಎಲ್. ಇಸಿಎಚ್‌ಎಲ್‌ನಲ್ಲಿ ವಾರದ ಲೆಕ್ಕದಲ್ಲಿ ಸಂಬಳ, ಇರಲು ಕ್ಲಬ್ಬೇ ಮನೆ ಕೊಡುತ್ತದೆ, ಊರಿಂದೂರಿಗೆ ಬಸ್ಸು. ಆಟ ಒಂದೇ, ಬದುಕು ಮಾತ್ರ ಭೂಮಿ ಆಕಾಶದಷ್ಟು ಬೇರೆ.

ಇನ್ನೊಂದು, 'ಟೂ ವೇ' ಕರಾರು ಇದೆಯಾ ಕೇಳಿ. ಅಂಥ ಕರಾರಿನಲ್ಲಿ ಹುಡುಗ ಮೇಲಿನ ಲೀಗಿನಲ್ಲಿ ಇದ್ದ ದಿನಕ್ಕೆ ಒಂದು ಸಂಬಳ, ಕೆಳಗೆ ಕಳಿಸಿದ ದಿನಕ್ಕೆ ಇನ್ನೊಂದು. ಎರಡನೆಯದು ಕೆಲವೊಮ್ಮೆ ಹತ್ತರಲ್ಲಿ ಒಂದು ಪಾಲು. ಹಾಗಾಗಿ ಯಾರಾದರೂ 'ನಮ್ಮ ಹುಡುಗನಿಗೆ ವರ್ಷಕ್ಕೆ ಇಷ್ಟು ಲಕ್ಷ ಡಾಲರ್' ಅಂತ ಒಂದೇ ಅಂಕಿ ಹೇಳಿದರೆ, ಅದು ಯಾವ ಅಂಕಿ ಅಂತ ಮೆತ್ತಗೆ ವಿಚಾರಿಸಿ. ಸಂಬಳ ಕೇಳುವುದಕ್ಕೆ ನಾಚಿಕೆ ಬೇಡ, ಅವರೂ ನಿಮ್ಮ ತೋಟ ಎಷ್ಟು ಎಕರೆ ಅಂತ ಕೇಳಿಯೇ ಇರುತ್ತಾರೆ.

ತಲೆಗೆ ಪೆಟ್ಟು ಬಿದ್ದಿದೆಯಾ, ಎಷ್ಟು ಸಲ ಅಂತಲೂ ಕೇಳಿ. ಕೈಕಾಲು ಮುರಿದರೆ ಕೂಡಿಕೊಳ್ಳುತ್ತದೆ, ತಲೆಯ ಪೆಟ್ಟು ಹಾಗಲ್ಲ, ಒಂದರ ಮೇಲೊಂದು ಬಿದ್ದಷ್ಟೂ ಚೇತರಿಕೆ ನಿಧಾನ. ಓದು ಎಲ್ಲಿಗೆ ಬಂತು? ಪಶ್ಚಿಮ ಕೆನಡಾದ ಜೂನಿಯರ್ ಲೀಗಾದ ಡಬ್ಲ್ಯೂಎಚ್‌ಎಲ್‌ನಲ್ಲಿ ಆಡಿದ ಒಂದೊಂದು ಸೀಸನ್ನಿಗೂ ಒಂದೊಂದು ವರ್ಷದ ಕಾಲೇಜು ಖರ್ಚು ಸಿಗುತ್ತದೆ, ಆದರೆ ಅದಕ್ಕೆ ಗಡುವು ಉಂಟು. ಅವನು ಅಲ್ಲಿ ಆಡಿದ್ದರೆ ಅದನ್ನು ಬಳಸಿಕೊಂಡನಾ ಇಲ್ಲವಾ ಅನ್ನುವುದರಲ್ಲೇ ಹುಡುಗನ ಬುದ್ಧಿ ಗೊತ್ತಾಗುತ್ತದೆ. ಮೂವತ್ತು ದಾಟಿದ ಮೇಲೆ ಬಹಳ ಜನ ಬ್ರಿಟನ್, ಜರ್ಮನಿ ಕಡೆ ಹೋಗುತ್ತಾರೆ. ಅಲ್ಲಿನ ಎಷ್ಟೋ ಕ್ಲಬ್ಬುಗಳು ಹೊರದೇಶದ ಆಟಗಾರರಿಗೆ ಮನೆ, ಕಾರು ಕೊಡುತ್ತವೆ. ಬ್ರಿಟನ್ನಿನಲ್ಲಂತೂ ಆಡುತ್ತಲೇ ಡಿಗ್ರಿ ಮುಗಿಸಿಕೊಳ್ಳುವವರೂ ಇದ್ದಾರೆ.

ಇನ್ನು ನಿಮ್ಮ ಮಗಳ ವಿಷಯ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು. ಕೆನಡಾದ ಆಟಗಾರ ಪಿ-1 ವೀಸಾದಲ್ಲಿ ಅಮೆರಿಕದ ಟೀಮಿಗೆ ಆಡುತ್ತಿದ್ದರೆ ಹೆಂಡತಿಗೆ ಸಿಗುವುದು ಪಿ-4 ವೀಸಾ. ಅದರ ಮೇಲೆ ಅಲ್ಲಿ ಕೆಲಸ ಮಾಡುವಂತಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಹೋಗಿ, ಗಂಡ ವಾರಗಟ್ಟಲೆ ಬಸ್ಸಿನಲ್ಲಿ, ತಾನು ಗೊತ್ತಿಲ್ಲದ ಊರಿನ ಮನೆಯಲ್ಲಿ ಸುಮ್ನೆ ಕೂತು, ಮುಂದಿನ ವರ್ಷ ಮತ್ತೆ ಗಂಟುಮೂಟೆ ಕಟ್ಟುವುದು ಅವಳಿಗೆ ಆಗುತ್ತದಾ? ಇದನ್ನು ಭಾವನವರ ಹತ್ತಿರ ಅಲ್ಲ, ಅವಳ ಹತ್ತಿರ ಕೇಳಿ. ಫೋನಿನಲ್ಲಿ ಇಷ್ಟು ದಿನ ಮಾತಾಡಿದವಳಿಗೆ ನಮ್ಮಿಬ್ಬರಿಗಿಂತ ಜಾಸ್ತಿ ಗೊತ್ತಿರಬಹುದು.

ಒಪ್ಪಿದರೆ ಒಂದು ಮಾತು ನೆನಪಿಡಿ. ಸೀಸನ್ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಟೀಮು ಗೆಲ್ಲುತ್ತಾ ಹೋದರೆ ಜೂನಿನವರೆಗೂ ಎಳೆಯುತ್ತದೆ. ಮಾಘದಲ್ಲಿ ಮುಹೂರ್ತ ಇಟ್ಟರೆ ಮಂಟಪದಲ್ಲಿ ಹುಡುಗ ಇರುವುದಿಲ್ಲ!

ಪ್ರಶ್ನೆ: ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಎನ್‌ಎಚ್‌ಎಲ್ ನೋಡುವ ಹುಚ್ಚ ನಾನು. ನಮ್ಮ ದೇಶದ ಮೂಲದವರು ಯಾರಾದರೂ ಅಲ್ಲಿ ಆಡಿದ್ದಾರಾ?
– ಪದವಿ ವಿದ್ಯಾರ್ಥಿ, ಕಾರವಾರ

ಉತ್ತರ: ಆಡಿದ್ದಾರೆ ತಮ್ಮಾ. ಮೊದಲನೆಯವರು ರಾಬಿನ್ ಬಾವಾ. ಬ್ರಿಟಿಷ್ ಕೊಲಂಬಿಯಾದ ಡಂಕನ್‌ನಲ್ಲಿ ಹುಟ್ಟಿದ ಪಂಜಾಬಿ ಮನೆಯ ಹುಡುಗ. ವಾಷಿಂಗ್ಟನ್, ವ್ಯಾಂಕೂವರ್, ಸ್ಯಾನ್ ಹೋಸೆ, ಅನಾಹೈಮ್, ನಾಲ್ಕೂ ಟೀಮು ಸೇರಿ 61 ಮ್ಯಾಚು, ಉಳಿದ ಕಾಲವೆಲ್ಲ ಕೆಳಗಿನ ಲೀಗುಗಳಲ್ಲಿ. ಮ್ಯಾನಿ ಮಲ್ಹೋತ್ರಾ ಅವರದು ಇನ್ನೂ ದೊಡ್ಡ ಓಟ: ಏಳು ಟೀಮು, 991 ಮ್ಯಾಚು. 2011ರ ಮಾರ್ಚಿನಲ್ಲಿ ಪಕ್ ಬಡಿದು ಒಂದು ಕಣ್ಣಿನ ದೃಷ್ಟಿ ಬಹಳ ಹೋಯಿತು. ಮುಂದೆ ವ್ಯಾಂಕೂವರ್ ಅವರನ್ನು ಆಡಿಸುವುದನ್ನೇ ನಿಲ್ಲಿಸಿತು. ಅವರು ಮನೆಯಲ್ಲಿ ಕೂರಲಿಲ್ಲ, ಎಎಚ್‌ಎಲ್‌ನ ಶಾರ್ಲೆಟ್ ಟೀಮಿಗೆ ಟ್ರಯಲ್ ಕರಾರಿನ ಮೇಲೆ ಹೋದರು. ಮೊದಲ ಸುತ್ತಿನಲ್ಲೇ ಆಯ್ಕೆಯಾಗಿದ್ದವರು ಹೊಸಬರ ಹಾಗೆ ಟ್ರಯಲ್ ಕೊಡುವುದು ಅಂದರೆ ಸುಲಭವಲ್ಲ. ಅಲ್ಲಿಂದ ಕೆರೊಲೈನಾ ಟೀಮು ಅವರನ್ನು ಮತ್ತೆ ಎನ್‌ಎಚ್‌ಎಲ್‌ಗೆ ಕರೆದುಕೊಂಡಿತು. ಆಮೇಲೆ ಕೋಚ್ ಆದರು, 2025ರಲ್ಲಿ ಅವರ ಆಬಟ್ಸ್‌ಫರ್ಡ್ ಟೀಮು ಎಎಚ್‌ಎಲ್ ಕಪ್ ಗೆದ್ದಿತು. ಈಗಿನವರಲ್ಲಿ ವ್ಯಾಂಕೂವರ್ ಟೀಮಿಗೆ ಆಡಿದ ಅರ್ಶದೀಪ್ ಬೈನ್ಸ್ ಮೇಲೆ ಕಣ್ಣಿಡಿ. ಪರೀಕ್ಷೆ ಇರುವ ದಿನ ಮಾತ್ರ ನಾಲ್ಕೂವರೆಗೆ ಏಳಬೇಡಿ.

ಪ್ರಶ್ನೆ: ಆರನೇ ಕ್ಲಾಸಿನ ಮಗಳು ರೋಲರ್ ಸ್ಕೇಟಿಂಗ್ ಮಾಡುತ್ತಾಳೆ, ಈಗ ಐಸ್ ಹಾಕಿ ಬೇಕಂತೆ. ನಮ್ಮಲ್ಲಿ ಐಸ್ ಕಾಣುವುದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ!
– ಹೊನ್ನಾವರ

ಉತ್ತರ: ನಗಬೇಡಿ, ದಾರಿ ಇದೆ, ಸ್ವಲ್ಪ ಉದ್ದ ಅಷ್ಟೇ. 2025ರ ಮಹಿಳೆಯರ ಏಷ್ಯಾ ಕಪ್ಪಿನಲ್ಲಿ ಭಾರತದ ಹುಡುಗಿಯರು ಕಂಚು ಗೆದ್ದರು, ಹೆಚ್ಚಿನವರು ಲಡಾಖಿನವರು. ಲೇಹ್ ಬಿಟ್ಟರೆ ಡೆಹ್ರಾಡೂನಿನಲ್ಲಿ ದೊಡ್ಡ ಐಸ್ ರಿಂಕ್ ಇದೆ. ಸದ್ಯಕ್ಕೆ ಚಕ್ರಗಳು ಒಂದೇ ಸಾಲಿನಲ್ಲಿರುವ ಇನ್‌ಲೈನ್ ಸ್ಕೇಟ್ ಕೊಡಿಸಿ, ಐಸ್ ಸ್ಕೇಟಿಗೆ ಹತ್ತಿರದ್ದು ಅದೇ. ನಿಲ್ಲುವುದನ್ನು ಮಾತ್ರ ಅಲ್ಲಿ ಹೋಗಿ ಹೊಸದಾಗಿ ಕಲಿಯಬೇಕಾಗುತ್ತದೆ, ಐಸಿನ ಮೇಲೆ ಎರಡೂ ಬ್ಲೇಡು ಅಡ್ಡ ತಿರುಗಿಸಿ ನಿಲ್ಲುತ್ತಾರೆ, ಚಕ್ರದಲ್ಲಿ ಅದು ಅಷ್ಟು ಸಲೀಸಲ್ಲ. ಹೆಲ್ಮೆಟ್ಟು, ಮೊಣಕಾಲಿನ ಪ್ಯಾಡು ಒಳ್ಳೆಯದೇ ತನ್ನಿ. ಸ್ಕೇಟು ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ, ಮಕ್ಕಳ ಕಾಲು ಆರು ತಿಂಗಳಿಗೆ ಬೆಳೆದುಬಿಡುತ್ತದೆ.